ಅಪ್‌ಡೇಟ್: ಫಿಲ್ಮಾಂಟ್‌ಗೆ ಹೋಗಿ ಬಂದೆವು

ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಸ್ಕೌಟ್‌ಗಳು ಚಾರಣ ಮಾಡುವ ಜಾಗವಾದ ಫಿಲ್ಮಾಂಟ್ ಸ್ಕೌಟ್ ರಾಂಚ್‌ಗೆ ಮಗನ ಸ್ಕೌಟ್ ತಂಡದ ಜೊತೆ ಹೊರಟಿದ್ದೇನೆ, ಬ್ಯಾಗಿನ ಭಾರ ಎಷ್ಟಿರಬೇಕು ಅಂತ ಕೇಳಿದ್ದೆನಲ್ಲ? ಚಾರಣ ಮುಗಿಯಿತು. ಬಟ್ಟೆ ಕಡಿಮೆ ಮಾಡಿ ಎಂದವರ ಮಾತೇ ಸರಿ. 12,441 ಅಡಿಯ ಬಾಲ್ಡಿ ಶಿಖರದ ಕೊನೆಯ ಏರು ಪೂರ್ತಿ ಸಡಿಲ ಕಲ್ಲು, ಕಾಲಿಟ್ಟಲ್ಲೆಲ್ಲ ಜಾರುತ್ತದೆ. ಮಧ್ಯಾಹ್ನದ ಗುಡುಗು ಮಳೆಗೆ ಮುಂಚೆ ಇಳಿದುಬಿಡಿ.

ದೊಡ್ಡ ತಲೆನೋವು ಕರಡಿ ಚೀಲದ್ದು. ಟೂತ್‌ಪೇಸ್ಟ್, ಸನ್‌ಸ್ಕ್ರೀನ್, ಲಿಪ್‌ಬಾಮ್, ಹೀಗೆ ವಾಸನೆ ಬರುವುದನ್ನೆಲ್ಲ ಚೀಲಕ್ಕೆ ತುಂಬಿ, ಕರಡಿಗೆ ಸಿಗದ ಹಾಗೆ ಮರಗಳ ನಡುವಿನ ಕೇಬಲ್‌ಗೆ ಎತ್ತಿ ಕಟ್ಟಬೇಕು. ಕಟ್ಟಿ ಮುಗಿಸಿದ ಮೇಲೆ ಯಾರದೋ ಜೇಬಲ್ಲಿ ಚಾಕೊಲೇಟ್ ಸಿಗುತ್ತದೆ. ಮತ್ತೆ ಇಳಿಸಬೇಕು!

ಅಂದಹಾಗೆ, ಅಲ್ಲಿ ತಂಡ ನಡೆಸುವುದು ಹುಡುಗರೇ. ಅವರು ನಕ್ಷೆ ತಿರುಗಿಸುತ್ತಾ ನಿಂತಾಗ ಸುಮ್ನೆ ಇರುವುದು ನನಗೆ ಬೆಟ್ಟಕ್ಕಿಂತ ಜಾಸ್ತಿ ಕಷ್ಟವಾಯಿತು.