ಹಳೆ ಮನೆ ಕೆಲಸದ ಅರ್ಜಿಗೆ ಪದ: ನವೀಕರಣವಾ, ದುರಸ್ತಿಯಾ, ಮಾರ್ಪಾಡಾ?

ಎಲ್ಲರಿಗೂ ನಮಸ್ಕಾರ.

ಬೆಳಗಾವಿಯ ಶಹಾಪುರದಲ್ಲಿ ನಮ್ಮದೊಂದು ಹಳೆ ಮನೆ ಇದೆ. ಹಿಂದೆ ಮೂರು ಬಿಡಾರ, ಮುಂದೆ ಬೀದಿಗೆ ಒಂದು ಕಿರಾಣಿ ಅಂಗಡಿ. ಮೈಸೂರು ಕಡೆಯವರು ವಠಾರ ಅಂತೀರಲ್ಲ, ಹೆಚ್ಚುಕಡಿಮೆ ಅದೇ, ಇಲ್ಲಿ ಚಾಳ ಅಂತಾರೆ. ಎರಡು ಖೋಲಿಗಳ ನಡುವಿನ ಮಣ್ಣಿನ ಗೋಡೆ ತೆಗೆದು ಒಂದೇ ಖೋಲಿ ಮಾಡಬೇಕು, ಸೋರುವ ಹೆಂಚು ಬದಲಿಸಬೇಕು. ಅರ್ಜಿಯಲ್ಲಿ ‘ವಿಷಯ: ನವೀಕರಣ ಪರವಾನಗಿ ಕುರಿತು’ ಅಂತ ಬರೆದೆ. ಪಾಲಿಕೆ ಕಚೇರಿಯ ಕಿಟಕಿಯಲ್ಲಿದ್ದವರು ಆ ಒಂದು ಸಾಲು ಓದಿ, ‘ಅಂಗಡೀದೇನ್ರಿ? ಹಳೇ ಪರವಾನಗಿ ನಂಬರ ಹಾಕಿಲ್ಲಲ್ರಿ’ ಅಂದರು.

ಅವರದು ತಪ್ಪಲ್ಲ. ‘ನವೀಕರಣ’ ಅಂದರೆ ಮನೆಯನ್ನು ಹೊಸದು ಮಾಡೋದೂ ಹೌದು, ಅವಧಿ ಮುಗಿದ ಲೈಸೆನ್ಸನ್ನು ಮುಂದುವರಿಸೋದೂ ಹೌದು. ಕಚೇರಿಯಲ್ಲಿ ದಿನಾ ಕೇಳೋದು ಎರಡನೇದೇ ಜಾಸ್ತಿ. ಅದಕ್ಕೆ ‘ಪರವಾನಗಿ’ ಬೇರೆ ಸೇರಿತು. ಮರಾಠಿಯಲ್ಲಿ ಪರವಾನಾ ಅಂದರೆ ಲೈಸೆನ್ಸು, ಪರವಾನಗಿ ಅಂದರೆ ಅನುಮತಿ, ಎರಡೂ ಬೇರೆ ಬೇರೆ. ನಾವು ಕನ್ನಡದಲ್ಲಿ ಎರಡಕ್ಕೂ ಪರವಾನಗಿ ಅಂತಲೇ ಬರೆಯುತ್ತೇವೆ, ಅಲ್ವಾ?

ಹಾಗಾದರೆ ‘ದುರಸ್ತಿ’ ಅಂತ ಬರೆಯೋಣ ಅಂದುಕೊಂಡೆ. ಪಾರಸಿಯ ದುರುಸ್ತ್, ಅಂದರೆ ಸರಿ ಇರುವುದು, ಅದರಿಂದ ಬಂದ ಪದ. ಅದಕ್ಕೇ ಹೆಂಚು ಸರಿಮಾಡೋದೂ ದುರಸ್ತಿ, ಜಮೀನಿನ ದಾಖಲೆ ಸರಿಮಾಡೋ ‘ಪೋಡಿ ದುರಸ್ತಿ’ಯೂ ದುರಸ್ತಿ. ಮನೆ ಅಂತ ಮುಂದೆ ಸೇರಿಸಿದರೆ ಆ ಗೊಂದಲ ಹೋಗುತ್ತದೆ. ಆದರೆ ನಮ್ಮ ಗೌಂಡಿ ಒಪ್ಪಲಿಲ್ಲ. ಗೋಡೆ ಮೇಲೆ ಕೈ ಇಟ್ಟು, ‘ಹೆಂಚಿಂದು ದುರಸ್ತಿ ಅನ್ರಿ, ಇದು ಬಿಚ್ಚೂ ಕೆಲಸ’ ಅಂದ.

ಅವನ ಮಾತು ಕಾನೂನಿಗೂ ಹೊಂದುತ್ತದೆ, ನನಗೆ ಆಶ್ಚರ್ಯ ಆಗಿದ್ದು ಇಲ್ಲೇ. 1976ರ ಕರ್ನಾಟಕ ಪೌರನಿಗಮಗಳ ಅಧಿನಿಯಮದಲ್ಲಿ ಕಟ್ಟಡದ ಅಥವಾ ಅದರ ಯಾವುದೇ ಕೋಣೆಯ ಜಾಗವೂ ಅಳತೆಯೂ ಬದಲಾಗದಂಥ ಅಗತ್ಯ ರಿಪೇರಿಯನ್ನು ಬೇರೆ ಇಟ್ಟಿದ್ದಾರೆ, ಅಳತೆ ಬದಲಾದರೆ ಅದು ಕಟ್ಟಡದ ಬದಲಾವಣೆ, ಹೊಸದಾಗಿ ಕಟ್ಟುವವರ ಹಾಗೆಯೇ ಅನುಮತಿ ಕೇಳಬೇಕು. ನಮ್ಮ ಎರಡು ಖೋಲಿ ಒಂದಾದ ಮೇಲೆ ಅಳತೆ ಬದಲಾಗದೆ ಇರುತ್ತದೆಯೇ? ಸುಮ್ನೆ ದುರಸ್ತಿ ಅಂತ ಬರೆದು ಕೊಟ್ಟು, ನಾಳೆ ಪರಿಶೀಲನೆಗೆ ಬಂದವರು ಟೇಪು ಹಿಡಿದರೆ ಬಾಡಿಗೆದಾರರ ಎದುರಿಗೆ ಕೆಲಸ ನಿಲ್ಲುತ್ತದೆ. ಹಾಗಾಗಿ ಇಲ್ಲಿ ಪದ ಸರಿಯಾಗಿರಲೇಬೇಕು.

ಸದ್ಯಕ್ಕೆ ‘ಮನೆಯ ಒಳಗಿನ ಮಾರ್ಪಾಡು ಮತ್ತು ಹೆಂಚಿನ ದುರಸ್ತಿಗೆ ಅನುಮತಿ’ ಅಂತ ಬರೆದಿಟ್ಟಿದ್ದೇನೆ. ಪರವಾನಗಿ ಬೇಕಂತಲೇ ಬಿಟ್ಟೆ. ‘ಪುನರ್ನಿರ್ಮಾಣ’ ಅಂದರೆ ಇಡೀ ಮನೆ ಕೆಡವಿದ ಹಾಗೆ ಕೇಳಿಸುತ್ತದೆ, ಅದು ಬೇಡ.

ವಿಜಯಪುರ, ಬಾಗಲಕೋಟೆ ಕಡೆಯವರು ಇಂಥ ಕೆಲಸಕ್ಕೆ ಅರ್ಜಿಯಲ್ಲಿ ಏನಂತ ಬರೆಯುತ್ತೀರಿ? ‘ಮಾರ್ಪಾಡು’ ಕಚೇರಿ ಕಾಗದದಲ್ಲಿ ಓಡುತ್ತದಾ? ಇನ್ನೊಂದು, ಈ ಭಾಗ ಮುಂಬಯಿ ಸರ್ಕಾರದ ಕೆಳಗಿದ್ದಾಗಿನ, ಅಂದರೆ 1956ಕ್ಕೆ ಮೊದಲಿನ, ಕನ್ನಡ ಅರ್ಜಿ ಯಾರ ಮನೆಯ ಟ್ರಂಕಿನಲ್ಲಾದರೂ ಇದ್ದರೆ, ಗೋಡೆ ತೆಗೆಯೋದಕ್ಕೆ ಅವರು ಯಾವ ಪದ ಬಳಸಿದ್ದಾರೆ ಅಂತ ನೋಡಿ ಬರೆಯಿರಿ.