ಸಹಾಯ ಬೇಕು: ಭಾವನವರ ಬೀಡಿ ಬಿಡಿಸಲು ಉಡುಪಿಯಲ್ಲಿ ಯಾರನ್ನು ಕಾಣಬೇಕು?

ನಮ್ಮ ಭಾವ ಮಲ್ಪೆಯಲ್ಲಿ ಆಳಸಮುದ್ರದ ಬೋಟಿಗೆ ಹೋಗುವವರು. ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧವಿರುವುದರಿಂದ ಈಗ ಮನೆಯಲ್ಲಿದ್ದಾರೆ. ಈ ಬಿಡುವಿನಲ್ಲೇ ಬೀಡಿ ಬಿಡುತ್ತೇನೆಂದು ಹೊರಟವರು ಅವರೇ, ಅಕ್ಕನ ಒತ್ತಾಯವೇನೂ ಇಲ್ಲ.

ಬಿಟ್ಟ ಮರುದಿನದಿಂದಲೇ ಸಿಡುಕು, ನಿದ್ರೆಯಿಲ್ಲ. ಚಹಾ ಕುಡಿದೊಡನೆ ಕೈ ತಾನಾಗಿ ಜೇಬಿಗೆ ಹೋಗುತ್ತದೆ. "ಮನಸ್ಸು ಗಟ್ಟಿ ಮಾಡು" ಎನ್ನುವ ನೆಂಟರಿಗೇನೂ ಬರವಿಲ್ಲ. ಆದರೆ ಹೊಗೆಯ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳು ತಲುಪಿ, ಹಿತವೆನಿಸುವ ಡೋಪಮೈನ್ ಎಂಬ ರಾಸಾಯನಿಕವನ್ನು ಹರಿಸುತ್ತದೆ. ವರ್ಷಗಟ್ಟಲೆ ಅದಕ್ಕೆ ಒಗ್ಗಿದ ಮಿದುಳಿಗೆ ಬುದ್ಧಿವಾದ ಕೇಳಿಸುವುದಿಲ್ಲ. ಮೊದಲ ವಾರವೇ ಅತಿ ಕಠಿಣವಂತೆ.

ಬೀಡಿಯ ಹಂಬಲ ತಗ್ಗಿಸಲೆಂದು 2 ಮಿಲಿಗ್ರಾಂ ನಿಕೋಟಿನ್ ಗಮ್ ತಂದುಕೊಟ್ಟೆ. ನಿಧಾನವಾಗಿ ಜಗಿದು ಕೆನ್ನೆಯ ಒಳಬದಿಗೆ ಒತ್ತಿಟ್ಟುಕೊಳ್ಳಬೇಕಾದದ್ದನ್ನು ಚಾಕೊಲೇಟಿನಂತೆ ಅಗಿದು ಬಿಕ್ಕಳಿಕೆ ತರಿಸಿಕೊಂಡರು! ಎದ್ದ ಕೂಡಲೇ ಬೀಡಿ ಹಚ್ಚುತ್ತಿದ್ದವರಿಗೆ 4 ಮಿಲಿಗ್ರಾಂ ಬೇಕಾಗಬಹುದೇ? ವೈದ್ಯರನ್ನೇ ಕೇಳಬೇಕೆಂದಿದ್ದೇನೆ. ಉಡುಪಿ, ಮಣಿಪಾಲದ ಕಡೆ ತುಳುವಿನಲ್ಲಿ ಮಾತನಾಡುವ ಆಪ್ತಸಮಾಲೋಚಕರು ಯಾರಾದರೂ ಗೊತ್ತೇ? 1800-11-2356 ತಂಬಾಕು ಸಹಾಯವಾಣಿಗೆ ಕರೆ ಮಾಡಿದವರಿದ್ದರೆ ಅನುಭವ ತಿಳಿಸಿ.

ನನ್ನ ದೊಡ್ಡ ಚಿಂತೆ ಆಗಸ್ಟಿನದು. ಬೋಟಿನಲ್ಲಿ ಎಲ್ಲರೂ ಸೇದುತ್ತಾರೆ, ದಿನಗಟ್ಟಲೆ ದಡ ಕಾಣುವುದಿಲ್ಲ. ಕಡಲಿಗೆ ಹೋಗುತ್ತಲೇ ಬೀಡಿ ಬಿಟ್ಟವರು ಇಲ್ಲಿದ್ದರೆ, ರಾತ್ರಿ ಬಲೆ ಎಳೆಯುವ ಹೊತ್ತನ್ನು ಹೇಗೆ ದಾಟಿದಿರಿ ಎಂದು ದಯವಿಟ್ಟು ಬರೆಯಿರಿ.