ಎಲೆ ಉದುರುವ ಕಾಲದಲ್ಲಿ ಸೋಲಾರ್ ಪ್ಯಾನೆಲ್ ಸ್ವಚ್ಛಗೊಳಿಸುವ ಬಗ್ಗೆ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಶರತ್ಕಾಲ ಬಂದಾಗಿನಿಂದ ಪಕ್ಕದ ಮರದ ಎಲೆಗಳು ನಮ್ಮ ಚಾವಣಿಯ ಸೋಲಾರ್ ಪ್ಯಾನೆಲ್‌ಗಳ ಮೇಲೆ ಬಿದ್ದು, ಇಬ್ಬನಿಗೆ ನೆನೆದು ಗಾಜಿಗೆ ಅಂಟಿಕೊಳ್ಳುತ್ತಿವೆ. ಕೆಳಗಿನ ಚೌಕಟ್ಟಿನ ಅಂಚಿನಲ್ಲಂತೂ ಮಣ್ಣು ಸೇರಿ ಕಪ್ಪು ಪಟ್ಟಿಯೇ ಕಟ್ಟಿದೆ. ಪ್ಯಾನೆಲ್‌ನೊಳಗೆ ವಿದ್ಯುತ್ ಉತ್ಪಾದಿಸುವ ಸೆಲ್‌ಗಳು ಸರಣಿಯಲ್ಲಿ (ಒಂದರ ಹಿಂದೆ ಒಂದರಂತೆ) ಜೋಡಣೆಯಾಗಿರುವುದರಿಂದ, ಅಂಟಿಕೊಂಡ ಎಲೆಯ ನೆರಳು ಆ ಸಾಲಿನ ಉತ್ಪಾದನೆಯನ್ನು ಕುಗ್ಗಿಸುವುದಲ್ಲದೆ, ನೆರಳಿನಲ್ಲಿರುವ ಸೆಲ್ ವಿಪರೀತ ಬಿಸಿಯಾಗುವ ಅಪಾಯವೂ ಇದೆ ಎಂಬುದೇ ನನ್ನ ಮುಖ್ಯ ಚಿಂತೆ.

ಕಾದ ಗಾಜಿಗೆ ತಣ್ಣೀರು ಹಾಕಬಾರದೆಂದು ಬೆಳಗಿನ ಹೊತ್ತಿನಲ್ಲೇ ಮೆತ್ತನೆಯ ಬ್ರಷ್‌ನಿಂದ ತೊಳೆಯುತ್ತೇನೆ. ಆದರೆ ನಮ್ಮದು ಗಡಸು ನೀರಾದ್ದರಿಂದ ಆರಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಗಾಜಿನ ಲೇಪನ ಕೆಡದಂತೆ ಈ ಕಲೆಯನ್ನೂ ಒಣಗಿದ ಹಕ್ಕಿಯ ಹಿಕ್ಕೆಯನ್ನೂ ತೆಗೆಯುವುದು ಹೇಗೆ? ಪ್ಯಾನೆಲ್ ಅಡಿಯಲ್ಲಿ ವೈರುಗಳ ಬಳಿ ಸಿಕ್ಕಿಕೊಂಡಿರುವ ಒಣ ಎಲೆಗಳನ್ನು ನಾನೇ ತೆಗೆಯಬಹುದೇ, ಅಥವಾ ತಂತ್ರಜ್ಞರನ್ನೇ ಕರೆಸಬೇಕೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.